ಚಿಕ್ಕಪ್ಪನ ಪ್ರೊಜೆಕ್ಟರ್‌ಗಳನ್ನ ನಾನು ಮಾರಿದ್ದು ಹಿಂಗೆ

ನಮ್ಮ ಚಿಕ್ಕಪ್ಪಂದು ಬಳ್ಳಾರಿ ಕೌಲ್ ಬಜಾರಲ್ಲಿ ಫೋಟೋ ಸ್ಟುಡಿಯೋ ಇತ್ತು, ಸಂಡೂರು ಮೈನ್ಸ್ ಕಡೆಯಿಂದ ರಿಟೈರ್ ಆಗಿ ಊರಿಗೆ ಹೋಗೋ ಆಫೀಸರ್‌ಗಳು ಮನೆ ಖಾಲಿ ಮಾಡುವಾಗ ಕೊಡ್ತಿದ್ದ ಸಿನಿಮಾ ಪ್ರೊಜೆಕ್ಟರ್‌ಗಳನ್ನೆಲ್ಲ ತಗೊಂಡು ತಗೊಂಡು ಒಂದು ರೂಮೇ ತುಂಬಿಸಿದ್ರು. ಚಿಕ್ಕಪ್ಪ ಹೋದ್ಮೇಲೆ ಮಾರೋ ಕೆಲ್ಸ ನನ್ನ ತಲೆಗೆ ಬಿತ್ತು. ಗುಜರಿಯವ ಕೆಜಿ ಲೆಕ್ಕದಾಗೆ ಕೇಳ್ದ, ಬೆಂಗಳೂರಿನ ಡೀಲರ್ ಒಬ್ರು ಎಲ್ಲಾ ಒಂದೇ ಲಾಟ್ ಕೊಡ್ರಿ ಅಂದ್ರು. ಇಬ್ರಿಗೂ ಒಲ್ಲೆ ಅಂದೆ, ಲಾಟಲ್ಲಿ ಕೊಟ್ರೆ ಒಳ್ಳೆ ಮಷೀನಿನ ರೇಟೂ ಕೆಟ್ಟದ್ರ ಜೊತೆ ಕೊಚ್ಕೊಂಡು ಹೋಗುತ್ತೆ.

ಮೊದ್ಲು ಫಿಲ್ಮ್ ಅಳತೆ ಪ್ರಕಾರ ಬೇರೆ ಮಾಡ್ದೆ. 1932ರಲ್ಲಿ ಬಂದ ಹಳೇ 8 ಎಂಎಂ, 1965ರ ಸೂಪರ್ 8 ಎರಡೂ ಅಗಲದಲ್ಲಿ ಒಂದೇ, ಆದ್ರೆ ಸೂಪರ್ 8 ಫಿಲ್ಮಿನ ಅಂಚಿನ ತೂತು ಚಿಕ್ಕದು, ರೀಲಿನ ನಡುವಿನ ತೂತು ಮಾತ್ರ ದೊಡ್ಡದು. ಇದು ಯಾವ ಫಿಲ್ಮಿನ ಮಷೀನು ಅನ್ನೋದೇ ತಗೊಳ್ಳೋರು ಕೇಳೋ ಮೊದಲ ಪ್ರಶ್ನೆ.

ಆಮೇಲೆ ಕರೆಂಟು. ಅಮೆರಿಕದ ಹಳೇ ಮಷೀನ್ ಸುಮಾರು 110 ವೋಲ್ಟಿಂದು, ನಮ್ಮ 230ಕ್ಕೆ ನೇರ ಹಾಕಿದ್ರೆ ಬಲ್ಬ್ ಅಲ್ಲೇ ಢಮಾರ್, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆಸ್ಟ್ರಿಯಾದ ಯೂಮಿಗ್ ಕಂಪನಿ ಮಷೀನಿನ ಹಿಂದೆ ವೋಲ್ಟೇಜ್ ಬದಲಾಯಿಸೋ ಸ್ವಿಚ್ ಇತ್ತು, ನಿಮ್ಮ ಹತ್ರ ಇದ್ರೆ ಮೊದ್ಲು ಅದನ್ನ ನೋಡ್ರಿ. 12 ವೋಲ್ಟ್ 100 ವ್ಯಾಟ್ ಹ್ಯಾಲೋಜೆನ್ ಹಾಕೋ ಮಷೀನು ಬೇಗ ಹೋಯ್ತು, ಆ ಬಲ್ಬ್ ಈಗಲೂ ಸಿಗುತ್ತೆ. ಹಳೇ 750 ವ್ಯಾಟಿಂದು ಹುಡುಕೋದೇ ತ್ರಾಸು.

ರಬ್ಬರ್ ಬೆಲ್ಟ್ ಬಳ್ಳಾರಿ ಬಿಸಿಲಿಗೆ ಡಾಂಬರಿನ ಹಂಗೆ ಕರಗಿ ಪುಲ್ಲಿಗೆ ಅಂಟಿಕೊಂಡಿತ್ತು, ಹತ್ತೀಲಿ ಸ್ಪಿರಿಟ್ ಅದ್ದಿ ಬಿಡಿಸೋದ್ರಲ್ಲೇ ಸಂಜೆಗಳು ಹೋದ್ವು. ಫಿಲ್ಮ್ ಹಾಯೋ ಗೇಟನ್ನ ಮಾತ್ರ ಕಬ್ಬಿಣದಿಂದ ಕೆರೀಬೇಡ್ರಿ, ಹಲ್ಲುಕಡ್ಡಿ ಸಾಕು, ಅಲ್ಲಿ ಗೀರು ಬಿದ್ರೆ ಹಾಕಿದ ರೀಲಿಗೆಲ್ಲ ಗೀರು. ಮಷೀನಿನ ಹೊರಮೈಗೆ ಪಾಲಿಶ್ ಹಾಕೋ ಗೋಜಿಗೇ ಹೋಗ್ಲಿಲ್ಲ, ಗೋಡೆ ಮೇಲೆ ಚಿತ್ರ ಓಡೋ ವಿಡಿಯೋ ಸೌಂಡ್ ಸಮೇತ ತೆಗೆದು ಕಳಿಸ್ದೆ, ಗಿರಾಕಿಗೆ ಆ ಟಕಟಕ ಸದ್ದು ಕೇಳಿದ್ರೆ ಸಾಕು.

ಒಂದು ವಿಚಿತ್ರ ಅಂದ್ರೆ ಸತ್ತು ಹೋಗಿದ್ದ ದೊಡ್ಡ 16 ಎಂಎಂ ಮಷೀನಿಗೆ ಹಂಪಿ ಕಡೆ ರೆಸಾರ್ಟ್ ಮಾಡಿದ ಒಬ್ರು ಓಡೋ 8 ಎಂಎಂ ಮಷೀನ್‌ಗಳಿಗಿಂತ ಜಾಸ್ತಿ ಕೊಟ್ರು! ಶೋಕೇಸಿಗೆ ಇಡೋರಿಗೆ ಸೈಜು ಮುಖ್ಯ, ಓಡಿಸೋರಿಗೆ ಲೆನ್ಸು, ಬಲ್ಬು. ಹಂಗಾಗಿ ಇಬ್ರಿಗೂ ಬೇರೆ ಬೇರೆ ಫೋಟೋ ಕಳಿಸ್ತಿದ್ದೆ.

ಕೈಯಲ್ಲಿ ತಿರುಗಿಸೋ ಪಾಥೆ ಬೇಬಿ ಅನ್ನೋ ಪ್ರೊಜೆಕ್ಟರ್ ಒಂದಿತ್ತು, 9.5 ಎಂಎಂ, ಫಿಲ್ಮಿನ ತೂತು ಎರಡು ಚಿತ್ರದ ನಡುವೆ ಇರುತ್ತೆ. ಅದಕ್ಕೆ ಫಾರಿನ್ನಿಂದ ಒಳ್ಳೆ ರೇಟು ಬಂತು, ಆದ್ರೂ ಕಳಿಸ್ಲಿಲ್ಲ. ಆ ಮಾಡೆಲ್ 1922ರದ್ದು, ಮಷೀನಿಗೆ ನೂರು ವರ್ಷ ದಾಟಿದ್ರೆ 1972ರ ಪುರಾತನ ವಸ್ತು ಕಾಯ್ದೆ ಅಡ್ಡ ಬರಬಹುದು, ಅಂಥದ್ದನ್ನ ಖಾಸಗಿಯವ್ರು ಹೊರದೇಶಕ್ಕೆ ಕಳಿಸಂಗಿಲ್ಲ. ಹೈದರಾಬಾದಿನವರೊಬ್ರು ಸ್ವಲ್ಪ ಕಡಿಮೆಗೆ ಖುದ್ದಾಗಿ ಬಂದು ತಗೊಂಡು ಹೋದ್ರು.

ದೂರದೋರಿಗೆ ಕಳಿಸುವಾಗ ಲೆನ್ಸು, ಬಲ್ಬು, ರೀಲ್ ತೋಳು ಬಿಚ್ಚಿ ಬೇರೆ ಡಬ್ಬಿ, ಅಡ್ವಾನ್ಸ್ ಬಂದ್ಮೇಲೇ ಪ್ಯಾಕಿಂಗು. ರೀಲುಗಳನ್ನ ಮಾತ್ರ ಮಾರಿಲ್ಲ, ಯಾರದೋ ಮನೆ ಮದುವೆ, ನಾಮಕರಣ ಅದ್ರಲ್ಲಿವೆ, ಕೆಲವು ವಿನೆಗರ್ ವಾಸನೆ ಹೊಡೀತಾವೆ, ಅಂದ್ರೆ ಫಿಲ್ಮ್ ಕೆಡ್ತಿದೆ ಅಂತ, ಅವನ್ನ ಬೇರೆ ಪೆಟ್ಟಿಗೇಲಿ ಇಟ್ಟೀನಿ. ಲೆನ್ಸ್ ಇಲ್ದಿರೋ ಎರಡು ಮಷೀನು ಇನ್ನೂ ಉಳಿದಾವೆ, ಪಾರ್ಟ್ಸಿಗೆ ಬೇಕಾದೋರು ಬಂದು ನೋಡ್ರಿ.