ಇರಾನ್‌ಗೆ ಕೆಲಸದ ಮೇಲೆ ಹೋಗುವವರಿಗೆ

ಇರಾನ್‌ನವರ ಜೊತೆ ವ್ಯವಹಾರ ಶುರು ಮಾಡುವ ಮೊದಲು 'ತಾರೋಫ್' ಬಗ್ಗೆ ತಿಳಿದುಕೊಳ್ಳಿ. ಅದು ಅಲ್ಲಿನ ಉಪಚಾರದ ಪದ್ಧತಿ. ಟ್ಯಾಕ್ಸಿ ಇಳಿದು ಎಷ್ಟಾಯ್ತು ಅಂತ ಕೇಳಿದರೆ ಡ್ರೈವರ್ "ಗಾಬೆಲಿ ನದಾರೆ" ಅನ್ನಬಹುದು, ಅಂದರೆ ಏನೂ ಬೇಡ ಬಿಡಿ ಅಂತ. ನಂಬಿ ಹೊರಟುಬಿಡಬೇಡಿ! ಎರಡು ಮೂರು ಸಲ ಒತ್ತಾಯ ಮಾಡಿದರೆ ತಗೋತಾರೆ. ಮೀಟಿಂಗ್ ರೂಮಿನ ಬಾಗಿಲಲ್ಲೂ ಇದೇ ಕಥೆ, "ನೀವು ಮೊದಲು" ಅಂತ ಎಲ್ಲರೂ ನಿಲ್ತಾರೆ. ನೀವೂ ಒಂದು ಸಲ ಹಾಗಂದು ಒಳಗೆ ಹೋಗಿ. ನಮ್ಮವರಿಗೆ ಇದೇನು ಹೊಸದಲ್ಲ ಬಿಡಿ, ಅಲ್ಲಿ ಸ್ವಲ್ಪ ಜಾಸ್ತಿ ಅಷ್ಟೆ.

ಕೂತ ತಕ್ಷಣ ರೇಟಿನ ಮಾತು ಎತ್ತಬೇಡಿ. ಮೊದಲು ಚಹಾ ಬರುತ್ತದೆ, ಹಾಲಿಲ್ಲದ್ದು. ಸಕ್ಕರೆ ಗಡ್ಡೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಕುಡಿಯುತ್ತಾರೆ. ಮನೆ, ಆರೋಗ್ಯ ವಿಚಾರಿಸಿ, ಆಮೇಲೆ ಕೆಲಸ. ಅವರನ್ನು ಅರಬ್ಬರು ಅಂತ ಮಾತ್ರ ಕರೆಯಬೇಡಿ, ನಿಜವಾಗಿಯೂ ಬೇಜಾರಾಗುತ್ತದೆ.

ಬೆಲೆ ಹೇಳಿದಾಗ ರಿಯಾಲೋ ತೋಮಾನೋ ಅಂತ ಕೇಳಿಕೊಳ್ಳಿ. ಒಂದು ತೋಮಾನ್ ಅಂದರೆ 10 ರಿಯಾಲ್. ಕಾಗದದಲ್ಲಿ ಸಾಮಾನ್ಯವಾಗಿ ರಿಯಾಲ್, ಬಾಯಲ್ಲಿ ತೋಮಾನ್. ಒಂದು ಸೊನ್ನೆ ತಪ್ಪಿದರೆ ಲೆಕ್ಕವೆಲ್ಲ ಅಡ್ಡ.

ಗಂಡಸರು ಅಲ್ಲಿನ ಮಹಿಳೆಯರಿಗೆ ತಾವಾಗಿ ಕೈ ಚಾಚಬಾರದು. ಎದೆ ಮೇಲೆ ಕೈ ಇಟ್ಟು ಸ್ವಲ್ಪ ತಲೆ ಬಾಗಿಸಿದರೆ ಸಾಕು.

ಮಾರ್ಚ್ 20ರ ಆಸುಪಾಸು ನವರೋಜ್, ಅಂದರೆ ಅವರ ಹೊಸ ವರ್ಷದ ಹಬ್ಬ, ಸುಮಾರು ಎರಡು ವಾರ ಯಾವ ಕೆಲಸವೂ ಸರಿಯಾಗಿ ಸಾಗಲ್ಲ. ಶುಕ್ರವಾರ ರಜೆ. ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡ್‌ಗಳು ನಡೆಯಲ್ಲ, ಯೂರೋನೋ ಡಾಲರೋ ನಗದು ಇಟ್ಟುಕೊಂಡೇ ಹೊರಡಿ.