ಹದಿಮೂರರ ಮಗ್ಗಿ ಹೇಳಿಕೊಂಡು ಕಾಡುದಾರಿಯಲ್ಲಿ ಓಡುವುದು ಹೇಗೆ?

ರಸ್ತೆಯಲ್ಲಿ ಆರಾಮಾಗಿ 10 ಕಿಮೀ ಓಡುವವರು ಕೂಡ ಕಾಡುದಾರಿಗೆ ಬಂದರೆ ಮೂರನೇ ಸುತ್ತಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತುಬಿಡುತ್ತಾರೆ. ನಾನೂ ನಿಂತಿದ್ದೇನೆ, ಒಂದಲ್ಲ ಹತ್ತು ಸಲ. ಕಾಲಲ್ಲಿ ಶಕ್ತಿ ಇರಲಿಲ್ಲ ಅಂತ ಆಮೇಲೆ ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಬಹಳಷ್ಟು ಸಲ ತಪ್ಪು ನಡೆದಿರುವುದು ಮೊದಲನೇ ಸುತ್ತಿನಲ್ಲಿ. ಮೂರನೇ ಸುತ್ತು ಅದನ್ನು ಬಡ್ಡಿ ಸಮೇತ ವಸೂಲಿ ಮಾಡುತ್ತದೆ, ಅಷ್ಟೇ.

ಇಲ್ಲಿ ಹೇಳುತ್ತಿರುವುದು ಒಂದೇ ವರ್ಕೌಟ್. ಮೊದಲು 3 ಕಿಮೀ ನಿಧಾನ ಓಟ. ಆಮೇಲೆ 2 ಕಿಮೀ ಗಟ್ಟಿ ಓಟ, ನಾಲ್ಕು ಸಲ. ನಾನು ಸುತ್ತು ಅನ್ನುವುದು ಇವನ್ನೇ. ಎರಡರ ನಡುವೆ ಮೂರು ನಿಮಿಷ ಸುಮ್ನೆ ಕಾಲೆಳೆದುಕೊಂಡು ಜಾಗಿಂಗ್. ಕೊನೆಗೆ 2 ಕಿಮೀ ನಿಧಾನ. ಒಟ್ಟು ಹೆಚ್ಚುಕಮ್ಮಿ 14 ಕಿಮೀ ಆಗುತ್ತದೆ. ವಾರಕ್ಕೆ ನಾಲ್ಕು ದಿನದಂತೆ ಮೂರ್ನಾಲ್ಕು ತಿಂಗಳಾದರೂ ಓಡಿ, 12 ಕಿಮೀ ತೊಂದರೆ ಇಲ್ಲದೆ ಮುಗಿಸುವವರಿಗೆ ಇದು. ಹೊಸಬರು ಎರಡೇ ಸುತ್ತಿಗೆ ನಿಲ್ಲಿಸಿ, ನಾಚಿಕೆ ಏನೂ ಇಲ್ಲ.

ಮೊದಲು ದಾರಿ ನಡೆದು ನೋಡಿ

ನಾನು ಓಡುವುದು ಬೆಂಗಳೂರಿನ ಕನಕಪುರ ರಸ್ತೆ ಕಡೆಯ ತುರಹಳ್ಳಿ ಕಾಡಿನಲ್ಲಿ. ಕೆಂಪು ಮಣ್ಣು, ನೀಲಗಿರಿ ಮರ, ನಡುನಡುವೆ ಆನೆ ಗಾತ್ರದ ಬಂಡೆಗಳು. ನಿಮ್ಮೂರಲ್ಲಿ ಅದು ಕೆರೆ ಏರಿ ಆಗಿರಬಹುದು, ತೋಟದ ದಾರಿ ಆಗಿರಬಹುದು. ಎಲ್ಲೇ ಇರಲಿ, ಒಂದು ದಿನ ಬರೀ ನಡೆಯಿರಿ. ಎಲ್ಲಿ ಬೇರು ಎದ್ದಿದೆ, ಎಲ್ಲಿ ನುರುಜುಗಲ್ಲು ಜಾರುತ್ತದೆ, ಎಲ್ಲಿ ನಾಯಿಗಳ ಗುಂಪು ಮಲಗಿರುತ್ತದೆ ಅಂತ ಗೊತ್ತಾಗಲಿ. ಮರದಡಿಯಲ್ಲಿ ವಾಚಿನ ಜಿಪಿಎಸ್ ಅಳತೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಹಾಗಾಗಿ ಒಂದು ಬಂಡೆಯಿಂದ ಇನ್ನೊಂದು ಮರದವರೆಗೆ ಅಂತ ಗುರುತು ಇಟ್ಟುಕೊಳ್ಳಿ. ಅರಣ್ಯ ಇಲಾಖೆಯ ಜಾಗವಾದರೆ ಒಳಗೆ ಬಿಡುವ ಹೊತ್ತು ಕೇಳಿಕೊಳ್ಳಿ. ಆನೆ ಓಡಾಡುವ ಕಡೆ ಅನುಮತಿ ಇಲ್ಲದೆ, ಒಬ್ಬರೇ, ಕತ್ತಲಲ್ಲಿ ಹೋಗುವುದು ಧೈರ್ಯ ಅಲ್ಲ, ತಲೆಹರಟೆ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಓಡುವವರಿಗೆ ಇಂಬಳದ ಬಗ್ಗೆ ನಾನು ಹೇಳಬೇಕಾಗಿಲ್ಲ, ಉದ್ದ ಕಾಲುಚೀಲ ಹಾಕಿ.

ಮಗ್ಗಿ ಯಾಕೆ?

ವಾಚು ಕಾಡುದಾರಿಯಲ್ಲಿ ದಾರಿ ತಪ್ಪಿಸುತ್ತದೆ. ಸಮತಟ್ಟು ರಸ್ತೆಯಲ್ಲಿ ಕಿಲೋಮೀಟರಿಗೆ ಆರು ನಿಮಿಷ ಓಡುವವರು ಏರು ಬಂದಾಗ ಅದೇ ಶ್ರಮಕ್ಕೆ ಎಂಟು ನಿಮಿಷಕ್ಕೆ ಇಳಿಯುವುದು ಮಾಮೂಲಿ. ಆರೇ ಬೇಕು ಅಂತ ಹಟ ಹಿಡಿದರೆ ಅಲ್ಲಿಗೆ ಮುಗಿಯಿತು. ಎದೆಬಡಿತ ನೋಡೋಣ ಅಂದರೆ ಅದೂ ಹಿಂದೆ ಬೀಳುತ್ತದೆ, ಏರು ಶುರುವಾದ ಮೇಲೆ ಬಡಿತ ಮೇಲಕ್ಕೆ ಹೋಗಿ ನಿಲ್ಲುವುದಕ್ಕೆ ಅರ್ಧ ನಿಮಿಷವೋ ಒಂದು ನಿಮಿಷವೋ ಬೇಕು. ಅಷ್ಟರಲ್ಲಿ ಏರೇ ಮುಗಿದಿರುತ್ತದೆ! ನಾನಂತೂ ಒಮ್ಮೆ ವೇಗ ಎಷ್ಟಾಯಿತು ಅಂತ ಮಣಿಕಟ್ಟು ನೋಡಲು ಹೋಗಿ, ಬೇರಿಗೆ ಎಡವಿ, ಕಾಲು ಉಳುಕಿಸಿಕೊಂಡು ಮೂರು ವಾರ ಮನೆಯಲ್ಲಿ ಕೂತಿದ್ದೆ.

ಉಸಿರು ಇಷ್ಟು ತಡ ಮಾಡುವುದಿಲ್ಲ. ಶ್ರಮ ಒಂದು ಹಂತ ದಾಟಿದರೆ ದೇಹ ಇಂಗಾಲದ ಡೈಆಕ್ಸೈಡನ್ನು ಹೊರಹಾಕಲು ಉಸಿರಾಟ ಜೋರು ಮಾಡುತ್ತದೆ, ಆಗ ಮಾತು ತುಂಡಾಗುತ್ತದೆ. ಮಾತಾಡಿ ನೋಡಿ ವೇಗ ತಿಳಿಯುವ ಈ ಉಪಾಯ ಓಟಗಾರರಿಗೆ ಹೊಸದಲ್ಲ. ಒಬ್ಬರೇ ಓಡುವಾಗ ಏನು ಮಾತಾಡುವುದು ಅಂತ ಮಾತ್ರ ನನಗೆ ತಿಳಿಯುತ್ತಿರಲಿಲ್ಲ, ಅದಕ್ಕೆ ಮಗ್ಗಿ ಹಿಡಿದೆ. ಎರಡರ ಮಗ್ಗಿ ನಿದ್ದೆಯಲ್ಲೂ ಬರುತ್ತದೆ, ಹತ್ತೊಂಬತ್ತರದ್ದು ಎಚ್ಚರದಲ್ಲೂ ಬರುವುದಿಲ್ಲ. ಹದಿಮೂರು ಸರಿಯಾದ ಅಳತೆ.

ಲೆಕ್ಕ ಹೀಗೆ. ನಿಧಾನ ಓಟದಲ್ಲಿ ಹದಿಮೂರೊಂದ್ಲ ಹದಿಮೂರರಿಂದ ಹದಿಮೂರ್ ಹತ್ಲ ನೂರಮೂವತ್ತರವರೆಗೆ ಹರಟೆ ಹೊಡೆದ ಹಾಗೆ ಹೇಳಲು ಆಗಬೇಕು. ಗಟ್ಟಿ ಓಟದಲ್ಲಿ ಎರಡು ಸಾಲು ಹೇಳಿ ಉಸಿರು ಎಳೆದುಕೊಳ್ಳುವ ಹಾಗಿರಬೇಕು. 'ಹದಿಮೂರ್ ಮೂರ್ಲ...' ಅಂದು ಮೂವತ್ತೊಂಬತ್ತು ಹೇಳುವ ಮೊದಲೇ ದಮ್ಮು ಸಾಲದಿದ್ದರೆ ವೇಗ ಜಾಸ್ತಿಯಾಯಿತು. ಆಗ ಹಟ ಬೇಡ, ಹೆಜ್ಜೆ ಚಿಕ್ಕದು ಮಾಡಿ. ತೀರಾ ಕಡಿದಾದ ಏರಾದರೆ ತೊಡೆ ಮೇಲೆ ಕೈಯೂರಿ ಬಿರಬಿರನೆ ನಡೆಯಿರಿ. ಬೆಟ್ಟದಲ್ಲಿ ಓಡುವ ಪಳಗಿದವರೂ ನಡೆಯುತ್ತಾರೆ. ಚಿಕ್ಕಮಗಳೂರು ಕಡೆ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಅನ್ನುವ ಬಲುದೂರದ ಸ್ಪರ್ಧೆ ಓಡುವವರನ್ನು ನೋಡಿದರೆ ಗೊತ್ತಾಗುತ್ತದೆ, ಏರು ಬಂತೆಂದರೆ ಸಾಲಾಗಿ ನಡಿಗೆ.

ಸುತ್ತುಗಳು

ಮೊದಲನೆಯದು ನಿಮಗೆ ಬೇಜಾರು ತರಿಸುವಷ್ಟು ಸುಲಭ ಅನ್ನಿಸಬೇಕು. ಪಕ್ಕದಲ್ಲಿ ಹುಡುಗನೊಬ್ಬ ಜುಮ್ಮನೆ ದಾಟಿ ಹೋದರೆ ಹೋಗಲಿ ಬಿಡಿ. ಎರಡನೆಯದರ ಬಗ್ಗೆ ಹೇಳುವಂಥದ್ದೇನಿಲ್ಲ.

ಮೂರನೆಯದೇ ಅಸಲಿ. ಅರ್ಧ ಕಿಲೋಮೀಟರ್ ಆಗುತ್ತಿದ್ದಂತೆ ತೊಡೆ ಭಾರವಾಗುತ್ತದೆ, ಬೆವರು ಹುಬ್ಬಿನಿಂದ ಕಣ್ಣಿಗಿಳಿದು ಉರಿಯುತ್ತದೆ, ಶೂ ಒಳಗೆ ಒಂದು ಹರಳು ಸೇರಿಕೊಂಡು ಹೆಬ್ಬೆರಳ ಕೆಳಗೇ ಕೂತಿರುತ್ತದೆ. ಮನಸ್ಸು ವಕೀಲನ ಥರ ವಾದ ಶುರು ಮಾಡುತ್ತದೆ: ನಿನ್ನೆ ನಿದ್ದೆ ಸರಿ ಆಗಿಲ್ಲ, ನಾಳೆ ಆಫೀಸಿದೆ, ಮೂರು ಸುತ್ತೂ ಒಳ್ಳೆಯದೇ ಅಲ್ವಾ, ಹರಳು ತೆಗೆಯಲಿಕ್ಕಾದರೂ ನಿಲ್ಲು. ನಿಂತರೆ ಮತ್ತೆ ಹೊರಡುವುದಿಲ್ಲ, ನನಗೆ ಗೊತ್ತು.

ಇಲ್ಲಿ ಮಾಡಬೇಕಾದ್ದು ಮೂರು ಕೆಲಸ. ಹೆಗಲು ಕಿವಿಯ ಹತ್ತಿರ ಏರಿರುತ್ತದೆ, ಕೆಳಗೆ ಬಿಡಿ. ಕಣ್ಣು ಕಾಲಬುಡದಿಂದ ಎತ್ತಿ ನಾಲ್ಕೈದು ಹೆಜ್ಜೆ ಮುಂದೆ ನೆಡಿ. ಉಳಿದ ಒಂದೂವರೆ ಕಿಲೋಮೀಟರ್ ಬಗ್ಗೆ ಯೋಚಿಸಲೇಬೇಡಿ, ಮುಂದಿನ ಬಂಡೆಯವರೆಗೆ ಒಂದು ಮಗ್ಗಿ, ಅಲ್ಲಿಂದ ಬಾಗಿದ ಮರದವರೆಗೆ ಇನ್ನೊಂದು. ನನಗೆ ಯಾವಾಗಲೂ ಹದಿಮೂರೆಂಟ್ಲ ಹತ್ತಿರ ತಪ್ಪುತ್ತದೆ. ತಪ್ಪಿದರೆ ಮತ್ತೆ ಒಂದರಿಂದ ಶುರು, ಇದು ನಮ್ಮ ಮೂರನೇ ಕ್ಲಾಸಿನ ಮೇಷ್ಟ್ರ ಕಾನೂನು. ನೂರಾನಾಲ್ಕು ನೆನಪಾಗುವಷ್ಟರಲ್ಲಿ ಮರ ಬಂದಿರುತ್ತದೆ.

ನಾಲ್ಕನೇ ಸುತ್ತಿನಲ್ಲಿ ಒಂದು ತಮಾಷೆ ನಡೆಯುತ್ತದೆ. ಮೂರರಲ್ಲಿ ಸತ್ತೆ ಅಂದುಕೊಂಡವರು ಕೊನೆಯ 300 ಮೀಟರ್‌ನಲ್ಲಿ ವೇಗ ಹೆಚ್ಚಿಸುತ್ತಾರೆ. ಶಕ್ತಿ ನಿಜವಾಗಿ ಖಾಲಿಯಾಗಿದ್ದರೆ ಇದು ಎಲ್ಲಿಂದ ಬಂತು? ದೇಹ ಪೂರ್ತಿ ಸೋಲುವ ಮೊದಲೇ ಮಿದುಳು ಮುನ್ನೆಚ್ಚರಿಕೆಯಿಂದ ಬ್ರೇಕ್ ಹಾಕುತ್ತದೆ ಎಂದು ದಕ್ಷಿಣ ಆಫ್ರಿಕಾದ ವ್ಯಾಯಾಮ ವಿಜ್ಞಾನಿ ಟಿಮ್ ನೋಕ್ಸ್ ವಾದಿಸಿದ್ದು ಇದನ್ನೆಲ್ಲ ನೋಡಿಯೇ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪುವುದಿಲ್ಲ. ಓಡುವವರಿಗೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ, ಮೂರನೇ ಸುತ್ತಿನ ಸುಸ್ತು ಒಂದು ಎಚ್ಚರಿಕೆ, ತೀರ್ಪಲ್ಲ ಅಂತ ಗೊತ್ತಿದ್ದರೆ ಕಾಲು ಸ್ವಲ್ಪ ಮಾತು ಕೇಳುತ್ತದೆ. ಹಾಗೇ ಕಾಲಿನ ಉರಿಗೆ ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿತು ಅನ್ನುವ ಹಳೇ ಮಾತನ್ನೂ ಬಿಡಿ, ಗಟ್ಟಿ ಓಟದಲ್ಲಿ ಮೈಯಲ್ಲಿ ನಿಜವಾಗಿ ಹುಟ್ಟುವ ಲ್ಯಾಕ್ಟೇಟನ್ನು ಸ್ನಾಯು ಮತ್ತು ಹೃದಯ ಉರುವಲಾಗಿಯೇ ಬಳಸುತ್ತವೆ.

ಇಳಿಜಾರಿನಲ್ಲಿ ಹಿಂದಕ್ಕೆ ವಾಲಿ ಹಿಮ್ಮಡಿ ಊರಿ ಬ್ರೇಕ್ ಹಾಕಬೇಡಿ, ಮಂಡಿ ಹಾಳು. ಮಂಡಿ ಸ್ವಲ್ಪ ಮಡಚಿ, ಕೈ ಅಗಲಿಸಿ, ಬಿಸಿ ಕಾವಲಿ ಮೇಲೆ ಕಾಲಿಟ್ಟ ಹಾಗೆ ಪಟಪಟ ಇಳಿಯಿರಿ.

ಹೊಟ್ಟೆಗೆ ಏನು?

ಹೊರಡುವ ಮುಕ್ಕಾಲು ಗಂಟೆ ಮೊದಲು ಎರಡು ಏಲಕ್ಕಿ ಬಾಳೆಹಣ್ಣು ಸಾಕು. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ದೇಹದ ಸಕ್ಕರೆ ದಾಸ್ತಾನು, ಗಟ್ಟಿ ಓಟಕ್ಕೆ ಸುಮಾರು ಒಂದೂವರೆ ಗಂಟೆ ಬರುತ್ತದೆ. ನಿಮ್ಮ ಓಟ ಅದಕ್ಕಿಂತ ಉದ್ದವಾಗುತ್ತದೆ ಅನ್ನಿಸಿದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಓಟಗಾರರು ನುಂಗುವ ಸಕ್ಕರೆ ಪಾಕದಂಥ ಜೆಲ್ ಇಷ್ಟವಿಲ್ಲದಿದ್ದರೆ ಖರ್ಜೂರ, ಬೆಲ್ಲದ ತುಂಡು ಕೂಡ ನಡೆಯುತ್ತದೆ. ಬಾಯಾರಿದಾಗ ನೀರು ಕುಡಿಯಿರಿ, ಬಲವಂತವಾಗಿ ಲೀಟರುಗಟ್ಟಲೆ ಬೇಡ, ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗುತ್ತದೆ. ಬೇಸಿಗೆಯಲ್ಲಿ ಓಆರ್‌ಎಸ್ ಪುಡಿ ಜೇಬಲ್ಲಿರಲಿ.

ಯಾವಾಗ ನಿಲ್ಲಿಸಬೇಕು?

ಎರಡೂ ತೊಡೆ ಸಮಸಮವಾಗಿ ಉರಿಯುತ್ತಿದ್ದರೆ ಓಡಿ. ಒಂದೇ ಜಾಗದಲ್ಲಿ ಸೂಜಿ ಚುಚ್ಚಿದಂತೆ ನೋವು ಬಂದು ಕುಂಟತೊಡಗಿದರೆ ನಿಲ್ಲಿಸಿ. ಪಕ್ಕೆ ಹಿಡಿದರೆ ನಿಧಾನ ಮಾಡಿ, ಉಸಿರು ಉದ್ದಕ್ಕೆ ಬಿಡಿ, ಹೋಗುತ್ತದೆ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಬಿಸಿಲಲ್ಲಿ ಚಳಿಯಾಗಿ ಮೈ ಜುಮ್ಮೆಂದರೆ ಅಲ್ಲೇ ನೆರಳಿಗೆ ಹೋಗಿ, ಯಾರನ್ನಾದರೂ ಕರೆಯಿರಿ. ಹದಿಮೂರರ ಮಗ್ಗಿ ತಪ್ಪುವುದು ಸುಸ್ತು, ಎರಡರದ್ದೇ ತಪ್ಪತೊಡಗಿದರೆ ಅದು ಬೇರೆ ವಿಷಯ. ಅವತ್ತಿನ ಮಟ್ಟಿಗೆ ಓಟ ಮುಗಿಯಿತು, ಆಸ್ಪತ್ರೆಗೆ ಹೋಗಬೇಕಾದೀತು.

ಆಮೇಲೆ

ಮುಗಿದ ತಕ್ಷಣ ಕೂರಬೇಡಿ. 2 ಕಿಮೀ ನಿಧಾನ ಓಡಿ, ಆಗಲ್ಲ ಅಂದರೆ ನಡೆಯಿರಿ. ಹರಳು ಈಗ ತೆಗೆಯಬಹುದು. ಉಪ್ಪು ಹಾಕಿದ ಮಜ್ಜಿಗೆ, ಇಡ್ಲಿ, ಒಂದೆರಡು ಮೊಟ್ಟೆ, ಏನಿದೆಯೋ ಅದು. ಮುಂದಿನ ಎರಡು ದಿನ ಗಟ್ಟಿ ಓಟ ಬೇಡ. ಭಾನುವಾರ ಓಡಿದ್ದರ ನೋವು ಜೋರಾಗಿ ತಿಳಿಯುವುದು ಸೋಮವಾರ, ಮಂಗಳವಾರ. ಅದರಲ್ಲೂ ಇಳಿಜಾರು ಓಡಿದ ತೊಡೆಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದರೆ ತೊಡೆಗೆ ಸ್ವಲ್ಪ ಆರಾಮ. ಮೊದಲ ಸಲ ನಾನು ಹಾಗೆ ಎರಡನೇ ಮಹಡಿಯಿಂದ ಇಳಿಯುತ್ತಿದ್ದಾಗ ಕೆಳಗೆ ರಂಗೋಲಿ ಹಾಕುತ್ತಿದ್ದ ಮನೆ ಓನರ್ ಆಂಟಿ ತಲೆಯೆತ್ತಿ ನೋಡಿ, "ಏನಪ್ಪಾ, ಹರಕೆ ಏನಾದ್ರೂ ಹೊತ್ಕೊಂಡಿದ್ದೀಯಾ?" ಅಂತ ಕೇಳಿದ್ದರು.