ಪೆನ್ಸಿಲ್ ಹಿಡಿದು ಪ್ರಣಯ ಕಾದಂಬರಿ ಓದುವ ಬಗೆ: ನನ್ನ ಅನುಭವ

ಪ್ರಣಯ ಕಾದಂಬರಿಯ ಕೊನೆ ಓದುಗರಿಗೆ ಮೊದಲೇ ಗೊತ್ತಿರುತ್ತದೆ: ಇಬ್ಬರೂ ಒಂದಾಗುತ್ತಾರೆ. ಇದನ್ನೇ ದೋಷವೆಂದು ಎತ್ತಿ ಆಡುವವರ ಮಾತನ್ನು ನಾನು ಒಪ್ಪುವುದಿಲ್ಲ. ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಎಂಬ ಲೇಖಕರ ಸಂಘ ಈ ಪ್ರಕಾರಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಇರುವುದು ಎರಡೇ ಷರತ್ತು. ಪ್ರೇಮಕಥೆ ಕಾದಂಬರಿಯ ಕೇಂದ್ರದಲ್ಲಿರಬೇಕು; ಮುಕ್ತಾಯ ಮನಸ್ಸಿಗೆ ತೃಪ್ತಿ ಕೊಟ್ಟು ಭರವಸೆ ಮೂಡಿಸಬೇಕು. ಮುಕ್ತಾಯವೇ ಷರತ್ತಾದ ಮೇಲೆ ಓದುಗರು ಕೇಳಬೇಕಾದ ಪ್ರಶ್ನೆಗಳು ಬೇರೆ. ಇಷ್ಟು ಪುಟಗಳ ಕಾಲ ಇವರನ್ನು ದೂರ ಇಟ್ಟದ್ದು ಏನು? ಅದು ಕರಗಿದ್ದು ಯಾವುದರಿಂದ? ಎರಡಕ್ಕೂ ಪುಸ್ತಕದೊಳಗೇ ನಂಬುವಂಥ ಉತ್ತರ ಸಿಕ್ಕರೆ ಅದು ಒಳ್ಳೆಯ ಕಾದಂಬರಿ. ನನ್ನ ಓದಿನ ಕ್ರಮವೆಲ್ಲ ಬೆಳೆದದ್ದು ಈ ಎರಡು ಪ್ರಶ್ನೆಗಳ ಸುತ್ತಲೇ.

ಪ್ರತಿ ಪುಸ್ತಕವನ್ನೂ ಎರಡು ಸಲ ಓದುತ್ತೇನೆ. ಮೊದಲ ಓದಿನಲ್ಲಿ ಪೆನ್ಸಿಲ್ ಮುಟ್ಟುವುದಿಲ್ಲ. ಇನ್ನೂರು ಚಿಲ್ಲರೆ ಪುಟದ ಪುಸ್ತಕವಾದರೆ ಒಂದೇ ಗುಕ್ಕಿಗೆ, ಹೆಚ್ಚೆಂದರೆ ಎರಡು ಕೂರಿಕೆಗೆ ಮುಗಿಸುತ್ತೇನೆ. ಹತ್ತು ದಿನ ಎಳೆದರೆ ಪಾತ್ರಗಳ ನಡುವಿನ ಬಿಗಿ ಸಡಿಲಾಗುತ್ತದೆ, ಆ ತಪ್ಪನ್ನು ಕಾದಂಬರಿಯ ತಲೆಗೆ ಕಟ್ಟುವ ಅಪಾಯವಿದೆ. ಎರಡನೆಯ ಓದಿಗೆ ಒಂದು ಉದ್ದನೆಯ ಚೀಟಿ ಕತ್ತರಿಸಿಟ್ಟುಕೊಂಡು ಆರು ಸಂಗತಿಗಳ ಮುಂದೆ ಪುಟಸಂಖ್ಯೆ ಬರೆಯುತ್ತೇನೆ: ಮೊದಲ ಭೇಟಿ, ಅಡ್ಡಿ ಇದೇ ಎಂದು ಸ್ಪಷ್ಟವಾಗುವ ಜಾಗ, ಬೇಕೆಂದೇ ಆದ ಮೊದಲ ಸ್ಪರ್ಶ, ಒಲವನ್ನು ಬಾಯಿಬಿಟ್ಟು ಹೇಳಿದ್ದು, ಮುರಿದುಬಿದ್ದದ್ದು, ಮತ್ತೆ ಕೂಡಿದ್ದು. ವಿಮರ್ಶಕಿ ಪಮೇಲಾ ರೇಜಿಸ್ 2003ರ ತಮ್ಮ ಅಧ್ಯಯನದಲ್ಲಿ ಪ್ರಣಯ ಕಾದಂಬರಿಗೆ ಎಂಟು ಅಂಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಸಮಾಜದ ಚಿತ್ರಣ ಮತ್ತು ಆಕರ್ಷಣೆ ಪುಸ್ತಕದುದ್ದಕ್ಕೂ ಹರಡಿಕೊಂಡಿರುತ್ತವೆ, ಒಂದು ಪುಟಕ್ಕೆ ಕಟ್ಟಿಹಾಕಲು ಬರುವುದಿಲ್ಲ. ಅದಕ್ಕೇ ಅವೆರಡನ್ನೂ ನನ್ನ ಚೀಟಿಯಿಂದ ಬಿಟ್ಟಿದ್ದೇನೆ.

ಪುಟಸಂಖ್ಯೆಗಳನ್ನು ಒಟ್ಟು ಪುಟಗಳಿಂದ ಭಾಗಿಸಿದರೆ ಕಾದಂಬರಿಯ ಎಲುಬುಗೂಡು ಕಣ್ಣಿಗೆ ಬೀಳುತ್ತದೆ. 240 ಪುಟದ ಪುಸ್ತಕ ಎಂದುಕೊಳ್ಳಿ. ಮೊದಲ ಭೇಟಿ 24ನೇ ಪುಟದೊಳಗೆ ಆಗಿರಬೇಕು, ಅಡ್ಡಿ 60ರೊಳಗೆ ಗೊತ್ತಾಗಬೇಕು. ನಾನು ಬಹಳ ಕಟ್ಟುನಿಟ್ಟಾಗಿ ನೋಡುವುದು ಮುರಿತಕ್ಕೂ ಮರುಕೂಡಿಕೆಗೂ ನಡುವಿನ ಅಂತರವನ್ನು. ಮುರಿತ 170ರಿಂದ 195ರ ಆಸುಪಾಸಿನಲ್ಲಿದ್ದು ಕೂಡುವುದು 225ಕ್ಕೆ ಎಂದರೆ ಕಡಿಮೆಯೆಂದರೂ ಮೂವತ್ತು ಪುಟ ಸಿಗುತ್ತದೆ. ಒಬ್ಬ ಮನುಷ್ಯ ಬದಲಾದದ್ದನ್ನು ತೋರಿಸಲು ಅಷ್ಟಾದರೂ ಬೇಕು. ಈಚಿನ ಎಷ್ಟೋ ಪುಸ್ತಕಗಳಲ್ಲಿ ಮುರಿತ 216ರ ಮೇಲೆ ಬಂದು, ಹತ್ತು ಪುಟದಲ್ಲಿ ಓಡೋಡಿ ಬಂದು ಕ್ಷಮೆ ಕೇಳಿ, ಉಳಿದ ಪುಟಗಳಲ್ಲಿ ಮದುವೆ ಮುಗಿಯುತ್ತದೆ. ಕಥೆಗೆ ಬೇಕಾಗಿ ಬಂದ ಮುರಿತ ಹೀಗಿರುವುದಿಲ್ಲ. 'ಇಲ್ಲೊಂದು ಜಗಳ ಇರಬೇಕು' ಎಂದು ತುರುಕಿದ್ದು ಅದು.

ಈ ಲೆಕ್ಕ ಕಲಿಯಬೇಕೆನ್ನುವವರು ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಮೇಲೆ ಚೀಟಿ ಇಟ್ಟು ನೋಡಬೇಕು. ಒಟ್ಟು 61 ಅಧ್ಯಾಯ. ನಾಯಕ ಡಾರ್ಸಿ ಮೊದಲ ಸಲ ಮದುವೆಯ ಮಾತೆತ್ತಿ ನಾಯಕಿ ಎಲಿಜಬೆತಳಿಂದ ನಿರಾಕರಣೆ ಪಡೆಯುವುದು 34ನೆಯದರಲ್ಲಿ, ಅಂದರೆ ಅರ್ಧ ದಾಟಿದ ಕೂಡಲೇ. ಅವನ ಪತ್ರ 35ರಲ್ಲಿ ಬರುತ್ತದೆ. ಅವನ ಮನೆಯನ್ನು ಅವಳು ಕಾಣುವುದು 43ರಲ್ಲಿ. ಒಪ್ಪಿಗೆಯ ಮಾತು 58ರಲ್ಲಿ. ನಿರಾಕರಣೆಗೂ ಒಪ್ಪಿಗೆಗೂ ನಡುವೆ ಇಪ್ಪತ್ತನಾಲ್ಕು ಅಧ್ಯಾಯಗಳ ಅಂತರ! ಆ ಅವಕಾಶ ಇರುವುದರಿಂದಲೇ ಇಬ್ಬರೂ ತಮ್ಮ ತಮ್ಮ ತಪ್ಪನ್ನು ಒಬ್ಬರಿಗೊಬ್ಬರು ಕಾಣದ ಕಡೆ ಕೂತು ತಿದ್ದಿಕೊಳ್ಳುತ್ತಾರೆ.

ಇನ್ನು ಅಡ್ಡಿಯ ವಿಚಾರ. ಇಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ನಮ್ಮ ಅಲಂಕಾರಶಾಸ್ತ್ರ. ವಿಶ್ವನಾಥನ ಸಾಹಿತ್ಯದರ್ಪಣ ಎಂಬ ಸಂಸ್ಕೃತ ಗ್ರಂಥದಲ್ಲಿ ವಿಪ್ರಲಂಭ ಶೃಂಗಾರಕ್ಕೆ, ಅಂದರೆ ಅಗಲಿಕೆಯಲ್ಲಿರುವ ಪ್ರೇಮಕ್ಕೆ, ನಾಲ್ಕು ಭೇದ: ಪೂರ್ವರಾಗ, ಮಾನ, ಪ್ರವಾಸ, ಕರುಣ. ಕೂಡುವ ಮೊದಲಿನ ಹಂಬಲ, ಮುನಿಸು, ದೂರದ ಅಗಲಿಕೆ, ಸಾವಿನ ನೆರಳಿನ ಅಗಲಿಕೆ. ಯಾವ ಕಾಲದ ಯಾವ ಭಾಷೆಯ ಪ್ರಣಯ ಕಾದಂಬರಿ ತೆಗೆದುಕೊಂಡರೂ ಅದರ ಅಡ್ಡಿಯನ್ನು ಈ ನಾಲ್ಕರ ಒಂದರಲ್ಲೋ ಎರಡರ ಬೆರಕೆಯಲ್ಲೋ ಇಡಬಹುದು. ಹಾಗೆ ಇಟ್ಟ ಮೇಲೆ ಅದು ಎಷ್ಟು ಭಾರ ಹೊರಬಲ್ಲದು ಎಂಬುದೂ ಅಂದಾಜಿಗೆ ಸಿಗುತ್ತದೆ. ಪೂರ್ವರಾಗ ಒಂದೇ ಇಡೀ ಪುಸ್ತಕವನ್ನು ಹೊತ್ತು ಸಾಗಬಲ್ಲದು, ಒಬ್ಬರು ಇನ್ನೊಬ್ಬರನ್ನು ಅರಿಯುತ್ತ ಹೋಗುವುದು ಪುಟಕ್ಕೊಂದು ಹೊಸತನ್ನು ಕೊಡುತ್ತಲೇ ಇರುವುದರಿಂದ. ಪ್ರವಾಸಕ್ಕೆ ಪತ್ರ, ಫೋನು, ಕಾಯುವಿಕೆಯ ನೆರವು ಬೇಕು. ಇಲ್ಲದಿದ್ದರೆ ನಾಯಕ ನಾಯಕಿ ನೂರು ಪುಟ ಒಬ್ಬರ ಎದುರು ಒಬ್ಬರು ಬಾರದೆ ಕಥೆ ಬಡವಾಗುತ್ತದೆ. ಕರುಣವನ್ನು ಅಪಘಾತ, ಕಾಯಿಲೆಗಳ ಹೆಸರಿನಲ್ಲಿ ಕೊನೆಗೆ ಎಳೆದು ತರುವವರೇ ಹೆಚ್ಚು. ಆಸ್ಪತ್ರೆಯ ಹಾಸಿಗೆಯ ಪಕ್ಕ ಹುಟ್ಟಿದ ಕ್ಷಮೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಹೆದರಿಕೆ ಮಾತಾಡುತ್ತಿರುತ್ತದೆ, ಒಲವಿಗೆ ಇನ್ನೂ ಸರದಿ ಬಂದಿರುವುದಿಲ್ಲ.

ಹೆಚ್ಚು ಪುಸ್ತಕಗಳು ಕೆಡುವುದು ಮಾನದಲ್ಲಿ. ಮುನಿಸು ಸಣ್ಣ ಆಯುಷ್ಯದ ಭಾವ, ಒಂದೆರಡು ಅಧ್ಯಾಯಕ್ಕೆ ಸೊಗಸು. ಅದನ್ನು ನೂರು ಪುಟ ಎಳೆಯಲು ಹೊರಟಾಗ ಲೇಖಕರು ತಪ್ಪು ತಿಳಿವಳಿಕೆಯ ಮೊರೆ ಹೋಗುತ್ತಾರೆ. ಅವಳು ಬಾಗಿಲ ಹಿಂದಿನಿಂದ ಅರ್ಧ ಮಾತು ಕೇಳಿಸಿಕೊಂಡಳು, ಅವನು ಅವಳನ್ನು ಯಾರದೋ ಜೊತೆ ಕಂಡ. ಇದಕ್ಕೆ ನಾನು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ: ಇಬ್ಬರನ್ನೂ ಒಂದು ಕೋಣೆಯಲ್ಲಿ ಐದು ನಿಮಿಷ ಕೂರಿಸಿದರೆ ಜಗಳ ಬಗೆಹರಿಯುತ್ತದೆಯೆ? ಬಗೆಹರಿಯುವಂತಿದ್ದರೆ ಅಡ್ಡಿ ಪೊಳ್ಳು. ಆದರೆ ಆ ಐದು ನಿಮಿಷ ಸಿಕ್ಕಿಯೂ ಮಾತು ಹೊರಡದ ಹಾಗೆ ಗಟ್ಟಿ ಕಾರಣ ಇದ್ದರೆ ಅದೇ ತಪ್ಪು ತಿಳಿವಳಿಕೆ ಬಲವಾದ ಅಡ್ಡಿಯಾಗುತ್ತದೆ. ಮೂರನೆಯವರಿಗೆ ಕೊಟ್ಟ ಮಾತು, ಹಳೆಯ ನಾಚಿಕೆ, ಕೆಲಸ ಕಳೆದುಕೊಳ್ಳುವ ಭಯ, ಹಿಂದೊಮ್ಮೆ ನಿಜ ಹೇಳಿ ಪಟ್ಟ ಪಾಡು ಇಂಥವು ಒಳ್ಳೆಯ ಕಾರಣಗಳು. ಆ ಕಾರಣ ಮುರಿತಕ್ಕಿಂತ ಕನಿಷ್ಠ ಐವತ್ತು ಪುಟ ಮುಂಚೆ ಓದುಗರಿಗೆ ತೋರಿರಬೇಕು. ಮುರಿತ ಆದಮೇಲೆ 'ಅವಳಿಗೆ ಬಾಲ್ಯದಲ್ಲಿ ಹೀಗಾಗಿತ್ತು' ಎಂದು ಹೇಳುವುದು ತೇಪೆ ಹಾಕಿದಂತೆ.

ಶಾಸ್ತ್ರದಿಂದಲೇ ಎರವಲು ತಂದ ಇನ್ನೊಂದು ಅಳತೆಗೋಲು ಎಂಟು ಸಾತ್ತ್ವಿಕ ಭಾವಗಳು, ಅಂದರೆ ಮನಸ್ಸಿನ ಭಾವ ತಾನಾಗಿ ಮೈಮೇಲೆ ತೋರುವ ಗುರುತುಗಳು: ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮರಗಟ್ಟುವುದು, ಬೆವರುವುದು, ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಮೈಮರೆಯುವುದು. ಚೀಟಿಯ ಹಿಂಬದಿಯಲ್ಲಿ ಈ ಎಂಟನ್ನೂ ಬರೆದು, ಒಂದೊಂದು ಬಂದಾಗಲೂ ಒಂದು ಗೀಟು ಎಳೆಯುತ್ತೇನೆ. ಕೈ ಪಳಗದ ಬರಹದಲ್ಲಿ ಗೀಟುಗಳೆಲ್ಲ ರೋಮಾಂಚ ಮತ್ತು ಅಶ್ರುವಿನ ಮುಂದೆ ಗುಂಪುಗೂಡಿ ಉಳಿದ ಆರು ಖಾಲಿ ಇರುತ್ತವೆ. ಎದೆ ಝಲ್ಲೆನ್ನುವುದು ನಲವತ್ತು ಸಲ ಬಂದರೆ ಮೂರನೆಯ ಸಲಕ್ಕೇ ಅದರ ಶಕ್ತಿ ಮುಗಿದಿರುತ್ತದೆ. ಪಳಗಿದ ಕೈ ಸ್ವರಭಂಗವನ್ನು ಒಂದೇ ಒಂದು ಸಲ, ಅದೂ ಸದಾ ನಿರರ್ಗಳವಾಗಿ ಮಾತಾಡುವವನಿಗೆ ಕೊಡುತ್ತದೆ. ಇ-ಪುಸ್ತಕವಾದರೆ ಈ ಕೆಲಸ ಇನ್ನೂ ಸಲೀಸು: ಹುಡುಕುವ ಕಿಂಡಿಯಲ್ಲಿ 'ನಿಟ್ಟುಸಿರು', 'ಕಣ್ಣಂಚು', 'ಮುಗುಳ್ನಕ್ಕ' ಎಂದು ಟೈಪಿಸಿದರೆ ಎಣಿಕೆ ತಾನಾಗಿ ಬರುತ್ತದೆ. 'ಮುಗುಳ್ನಕ್ಕ' ಬೇರೆ, 'ಮುಗುಳ್ನಗೆ' ಬೇರೆಯಾಗಿ ಹುಡುಕಬೇಕು ಎಂಬುದು ನೆನಪಿರಲಿ. ಪದದ ರೂಪ ಬದಲಾದರೆ ಕನ್ನಡದಲ್ಲಿ ಎಣಿಕೆ ತಪ್ಪುತ್ತದೆ.

ಕನ್ನಡ ಕಾದಂಬರಿಗೆ ಮಾತ್ರ ಏಳನೆಯದೊಂದು ಸಾಲು ಸೇರಿಸುತ್ತೇನೆ: 'ನೀವು' ಹೋಗಿ 'ನೀನು' ಬಂದ ಪುಟ. ಮೊದಲ ಸ್ಪರ್ಶಕ್ಕಿಂತ ಇದು ದೊಡ್ಡ ಘಟನೆ ಎಂದು ನಾನು ಬಲವಾಗಿ ನಂಬುತ್ತೇನೆ. ಬಹುವಚನ ಬಿಟ್ಟು ಏಕವಚನಕ್ಕೆ ಮೊದಲು ಇಳಿದವರು ಯಾರು, ಇನ್ನೊಬ್ಬರು ಅದನ್ನು ಗಮನಿಸಿದರೇ, ಅವರೂ ಇಳಿದರೇ, ಎಷ್ಟು ಪುಟ ತಡಮಾಡಿದರು ಎಂಬುದರಲ್ಲಿ ಇಬ್ಬರ ನಡುವಿನ ಮೇಲುಕೀಳೆಲ್ಲ ಇರುತ್ತದೆ. ಅವನು ಮೊದಲ ಭೇಟಿಯಿಂದಲೇ ಅವಳಿಗೆ 'ನೀನು' ಎನ್ನುತ್ತ ಅವಳು ಕೊನೆಯ ಪುಟದವರೆಗೂ 'ನೀವು' ಎನ್ನುತ್ತಿದ್ದರೆ, ಲೇಖಕರು ಅದನ್ನು ಬೇಕೆಂದೇ ಮಾಡಿದರೋ ಗಮನಿಸದೆ ಬಿಟ್ಟರೋ ಎಂದು ಹಿಂದಕ್ಕೆ ಹೋಗಿ ನೋಡುತ್ತೇನೆ. ಜಗಳವಾದಾಗ 'ನೀನು' ಮತ್ತೆ 'ನೀವು' ಆಗಿಬಿಟ್ಟರೆ ಅದಕ್ಕಿಂತ ಹರಿತವಾದ ಮುರಿತ ಇಲ್ಲ, ಒಂದು ಹನಿ ಕಣ್ಣೀರೂ ಬೇಕಾಗುವುದಿಲ್ಲ. ಇಂಗ್ಲಿಷಿನಿಂದ ಬಂದ ಅನುವಾದಗಳಲ್ಲಿ ಈ ತಿರುವಿನ ಜಾಗವನ್ನು ಅನುವಾದಕರೇ ಆರಿಸಬೇಕಾಗುತ್ತದೆ, ಏಕೆಂದರೆ ಮೂಲದಲ್ಲಿ ಎರಡಕ್ಕೂ ಒಂದೇ ಪದ. ಅಧ್ಯಾಯದ ನಡುವೆ ಕಾರಣವಿಲ್ಲದೆ 'ನೀವು', 'ನೀನು' ಅದಲುಬದಲಾಗುತ್ತಿದ್ದರೆ ಆ ಅನುವಾದವನ್ನು ಅಲ್ಲಿಗೇ ಮುಚ್ಚುತ್ತೇನೆ.

ತಪ್ಪೊಪ್ಪಿಗೆಯ ದೃಶ್ಯಕ್ಕೆ ನಾನು ನಾಲ್ಕು ಸಂಗತಿ ಕೇಳುತ್ತೇನೆ. ತಪ್ಪು ಮಾಡಿದವರು ಆ ತಪ್ಪನ್ನು ಹೆಸರಿಟ್ಟು ಹೇಳಬೇಕು. 'ನಿನಗೆ ನೋವಾಗಿದ್ದರೆ ಕ್ಷಮಿಸು' ಎಂಬುದು ಹೆಸರಿಟ್ಟಂತಾಗುವುದಿಲ್ಲ. ಸಮಜಾಯಿಷಿ ಜೊತೆಗೇ ಬರಬಾರದು. ತಿದ್ದುಪಡಿಗೆ ಏನಾದರೂ ಬೆಲೆ ತೆತ್ತಿರಬೇಕು. ನಾಲ್ಕನೆಯದು ಅಪರೂಪ: ಕ್ಷಮೆ ಸಿಗುವ ಖಾತ್ರಿಯಿಲ್ಲದೆ ಆ ಬೆಲೆ ತೆತ್ತಿರಬೇಕು. ಆಸ್ಟೆನ್ ಅವರ ಡಾರ್ಸಿ ಎಲಿಜಬೆತಳ ತಂಗಿಯ ಮದುವೆಯನ್ನು ತನ್ನ ಹಣ ಹಾಕಿ ಮಾಡಿಸಿ ಅದನ್ನು ಗುಟ್ಟಾಗಿಡಲು ಕೇಳಿಕೊಳ್ಳುತ್ತಾನೆ. ಅವಳಿಗೆ ಪೂರ್ತಿ ವಿಷಯ ಗೊತ್ತಾಗುವುದು ಸೋದರತ್ತೆ ಬರೆದ ಪತ್ರದಿಂದ. ಎರಡು ಶತಮಾನ ಕಳೆದರೂ ಆ ಪ್ರಸಂಗ ಹಳತಾಗದಿರಲು ಆ ಗುಟ್ಟೇ ಕಾರಣ. ವಿಮಾನ ನಿಲ್ದಾಣಕ್ಕೆ ಓಡಿಬಂದು ನೂರಾರು ಜನರೆದುರು ಮಂಡಿಯೂರುವ ದೃಶ್ಯ ನನಗೆ ಸೇರದು. ಜನರ ಗುಂಪಿನ ನಡುವೆ ಅವಳಿಗೆ 'ಇಲ್ಲ' ಎನ್ನಲು ಜಾಗವೇ ಉಳಿಯುವುದಿಲ್ಲ.

'ಇಲ್ಲ' ಎಂಬ ಮಾತಿನ ಬಗ್ಗೆ ನನ್ನದು ರಾಜಿಯಿಲ್ಲದ ನಿಲುವು. 1970ರ ದಶಕದ ಅಮೆರಿಕದ ಐತಿಹಾಸಿಕ ಪ್ರಣಯ ಕಾದಂಬರಿಗಳಲ್ಲಿ ನಾಯಕನೇ ನಾಯಕಿಯ ಮೇಲೆ ಬಲಾತ್ಕಾರ ಮಾಡಿ ಕೊನೆಗೆ ಅವಳ ಒಲವನ್ನೂ ಪಡೆಯುವುದು ಸಾಮಾನ್ಯವಾಗಿತ್ತು. ಆ ಕಾಲದ ದಾಖಲೆಯಾಗಿ ಅವನ್ನು ಓದಬಹುದು, ಪ್ರಣಯವೆಂದು ನನ್ನಿಂದ ಓದಲಾಗದು. ಇಂದಿನ ಪುಸ್ತಕದಲ್ಲಿ ನಾಯಕಿಯ ನಿರಾಕರಣೆಯನ್ನು ನಾಚಿಕೆಯೆಂದು ಬರೆದ ಮೊದಲ ಸಾಲಿಗೇ ಪುಸ್ತಕ ಮುಚ್ಚುತ್ತೇನೆ. ಉಳಿದ ಹೆಚ್ಚಿನ ದೋಷಗಳಿಗೆ ಐವತ್ತು ಪುಟದ ವಾಯಿದೆ ಕೊಡುವುದುಂಟು.

ಒಬ್ಬರೇ ಲೇಖಕರ ಪುಸ್ತಕಗಳನ್ನು ಮೂರಕ್ಕಿಂತ ಹೆಚ್ಚು ಬೆನ್ನುಬೆನ್ನಿಗೆ ಓದಬಾರದು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವರ ರೂಢಿಯ ಮಾತುಗಳೇ ಕಿವಿಗೆ ಬಡಿಯುತ್ತ, ಚೆನ್ನಾಗಿರುವ ಪುಸ್ತಕವೂ ಸವಕಲಾಗಿ ಕಾಣುತ್ತದೆ. ನಡುವೆ ಒಂದು ಪತ್ತೇದಾರಿ ಕಾದಂಬರಿಯೋ ಪ್ರವಾಸ ಕಥನವೋ ಇದ್ದರೆ ಸಾಕು.

ವರ್ಷ ಕಳೆದ ಮೇಲೆ ಮೆಚ್ಚಿದ ಪುಸ್ತಕಗಳನ್ನು ಮತ್ತೆ ತೆಗೆದು, ಈ ಸಲ ಕೆಂಪು ಪೆನ್ಸಿಲಿನಲ್ಲಿ, ನಿಂತು ಎರಡು ಸಲ ಓದಿದ ಸಾಲುಗಳ ಪಕ್ಕ ಚುಕ್ಕೆ ಇಡುತ್ತೇನೆ. ಚುಕ್ಕೆಗಳೆಲ್ಲ ಕೊನೆಯ ಮೂವತ್ತು ಪುಟಗಳಲ್ಲೇ ಬಿದ್ದರೆ ಆ ಪುಸ್ತಕ ಮುಕ್ತಾಯದ ಸುಖದ ಮೇಲೆ ನಿಂತದ್ದು. ಅದನ್ನು ಓದಬೇಕೆನ್ನುವವರಿಗೆ ಕೊಟ್ಟುಬಿಡುತ್ತೇನೆ. ನಡುವಿನ ಪುಟಗಳಲ್ಲಿ, ಇಬ್ಬರೂ ಇನ್ನೂ ಏನನ್ನೂ ಹೇಳಿಕೊಳ್ಳದೆ ಬೇರೆ ಯಾವುದೋ ಕೆಲಸದ ಮಾತಾಡುತ್ತಿರುವ ಕಡೆ ಚುಕ್ಕೆ ಬಿದ್ದರೆ ಹಳೆಯ ಚೀಟಿಯನ್ನು ಅದೇ ಪುಟದಲ್ಲಿಟ್ಟು ಕಪಾಟಿಗೆ ವಾಪಸು ಸೇರಿಸುತ್ತೇನೆ.